ಕೇಳುವ ಮುಖ: 1928ರ ‘ಜೋನ್’ ಇವತ್ತಿಗೂ ನಿಲ್ಲುತ್ತದೆಯೇ?

(ಚಿತ್ರಪ್ರದರ್ಶನದ ನಂತರ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾವೀಗ ನೋಡಿದ ಮೂಕಿ ಚಿತ್ರ ‘ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’ ಮೊದಲ ಬಾರಿ ತೆರೆ ಕಂಡದ್ದು 1928ರ ಏಪ್ರಿಲ್‌ನಲ್ಲಿ, ಕೋಪನ್‌ಹೇಗನ್ ನಗರದಲ್ಲಿ. ನಿರ್ದೇಶಕ ಕಾರ್ಲ್ ಥಿಯೊಡೋರ್ ಡ್ರೇಯರ್ ಡೆನ್ಮಾರ್ಕಿನವರು. ಚಿತ್ರ ತಯಾರಾದದ್ದು ಫ್ರಾನ್ಸಿನಲ್ಲಿ, ಫ್ರೆಂಚ್ ಕಂಪನಿಯ ಹಣದಲ್ಲಿ. ಕತೆ ನಡೆಯುವುದು 1431ರಲ್ಲಿ: ದೇವವಾಣಿ ಕೇಳಿಸಿತೆಂದು ಫ್ರಾನ್ಸಿನ ಪರವಾಗಿ ಯುದ್ಧಕ್ಕಿಳಿದು ಸೆರೆಸಿಕ್ಕ ಹಳ್ಳಿಯ ಹುಡುಗಿ ಜೋನ್‌ಳ ವಿಚಾರಣೆ ಮತ್ತು ಸಾವು. ಇಂಥದೊಂದು ಚಿತ್ರ ಇವತ್ತಿನ ಪ್ರೇಕ್ಷಕನಿಗೆ ದಕ್ಕುತ್ತದೆಯೇ ಎಂಬುದು ಸಂಘಟಕರು ನನ್ನ ಮುಂದಿಟ್ಟ ಪ್ರಶ್ನೆ.

ಹಳೆಯ ಚಿತ್ರಗಳ ವಿಷಯದಲ್ಲಿ ನಮಗೊಂದು ಅಭ್ಯಾಸವಿದೆ. ಗೋಡೆ ಮೇಲಿನ ಮುತ್ತಜ್ಜನ ಫೋಟೊಗೆ ಕೈ ಮುಗಿದು ಮುಂದೆ ಹೋದ ಹಾಗೆ, ‘ಆ ಕಾಲಕ್ಕೆ ಅದು ದೊಡ್ಡದು ಬಿಡಿ’ ಎಂದು ಹೇಳಿ ಮುಂದೆ ಹೋಗುತ್ತೇವೆ. ಈ ಚಿತ್ರಕ್ಕೆ ಆ ರಿಯಾಯಿತಿ ನಾನು ಕೊಡುವುದಿಲ್ಲ. ಹೋದ ತಿಂಗಳು ಬಿಡುಗಡೆಯಾದ ಚಿತ್ರವನ್ನು ಯಾವ ಕಣ್ಣಿನಿಂದ ನೋಡುತ್ತೇವೋ ಅದೇ ಕಣ್ಣಿನಿಂದ ಇದನ್ನೂ ನೋಡೋಣ. ಹಾಗೆ ನೋಡಿದರೂ ಇದು ನಿಲ್ಲುತ್ತದೆ ಎಂಬುದು ನನ್ನ ನಂಬಿಕೆ. ಇದರ ಬಲವೆಲ್ಲ ಇರುವುದು ಇದರ ಮೌನದಲ್ಲಿ. ಇದಕ್ಕೆ ಮಾತು ಜೋಡಿಸಿದ್ದರೆ ಎಂದೋ ಹಳತಾಗಿಬಿಡುತ್ತಿತ್ತು ಎನ್ನುವಷ್ಟರ ಮಟ್ಟಿಗೆ ನಾನಿದನ್ನು ನಂಬುತ್ತೇನೆ. ಎಲ್ಲೆಲ್ಲಿ ನಿಲ್ಲುವುದಿಲ್ಲ ಎಂಬುದನ್ನೂ ಹೇಳುತ್ತೇನೆ.

ಮೂಕಿ ಚಿತ್ರ ಎಂದ ಕೂಡಲೇ ಹೆಚ್ಚಿನವರ ಕಣ್ಣ ಮುಂದೆ ಬರುವುದು ದಡಬಡ ಓಡಾಡುವ ಜನ, ಸುಣ್ಣ ಬಳಿದಂಥ ಮುಖ, ಕಪ್ಪು ತುಟಿ, ಎದೆಗೆ ಕೈಯಿಟ್ಟು ಹಿಂದಕ್ಕೆ ವಾಲುವ ನಾಯಕಿ. ಈ ಚಿತ್ರಣದಲ್ಲಿ ಅರ್ಧದಷ್ಟು ಆ ಚಿತ್ರಗಳ ತಪ್ಪೇ ಅಲ್ಲ. ಆಗ ಕ್ಯಾಮೆರಾವನ್ನು ಬಹುಮಟ್ಟಿಗೆ ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಹದಿನಾರೋ, ಹದಿನೆಂಟೋ, ಇಪ್ಪತ್ತೋ ಫ್ರೇಮು ಓಡುತ್ತಿತ್ತು, ಒಂದೇ ಅಳತೆ ಅಂತಿರಲಿಲ್ಲ. ಧ್ವನಿ ಬಂದ ಮೇಲೆ ವೇಗ 24ಕ್ಕೆ ನಿಂತಿತು. ನಿಧಾನವಾಗಿ ತೆಗೆದದ್ದನ್ನು ಮುಂದೆ 24ರಲ್ಲಿ ಓಡಿಸಿದಾಗ ಜನ ಕುಣಿದಂತೆ ಕಾಣತೊಡಗಿದರು. ಮೂರು ತಲೆಮಾರುಗಳು ಮೂಕಿಗಳನ್ನು ಹೀಗೇ ನೋಡಿ ನಕ್ಕವು. ಇದೇ ‘ಜೋನ್’ ಸೆಕೆಂಡಿಗೆ 24 ಫ್ರೇಮಿನಲ್ಲಿ ಸುಮಾರು 82 ನಿಮಿಷದ ಚಿತ್ರ, 20ರಲ್ಲಿ ಓಡಿಸಿದರೆ ಸುಮಾರು 97 ನಿಮಿಷದ್ದು. ಯಾವುದು ಸರಿ ಎಂದು ಬಲ್ಲವರು ಇನ್ನೂ ಜಗಳವಾಡುತ್ತಾರೆ. ನಾವು ನೋಡಿದ್ದು 20ರದ್ದು. ಕಣ್ಣಿನ ರೆಪ್ಪೆ ಮುಚ್ಚಿ ತೆರೆಯುವುದು ಮನುಷ್ಯರ ರೆಪ್ಪೆಯ ಹಾಗೆಯೇ ಇತ್ತು, ಗಮನಿಸಿರಬಹುದು. ರೆಪ್ಪೆಯ ವೇಗ ತಪ್ಪಿದರೆ ಈ ಚಿತ್ರದಲ್ಲಿ ಉಳಿಯುವುದು ತೀರ ಕಡಿಮೆ.

ಮುಖದ ಸುಣ್ಣಕ್ಕೂ ಕಾರಣವಿದೆ. ಆರಂಭದ ಕಪ್ಪು–ಬಿಳುಪು ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕೆಂಪು ತುಟಿ ಕರಿದಾಗುತ್ತಿತ್ತು, ಚರ್ಮದ ಕೆಂಪು ಕಲೆಗಳು ಮಸಿಯ ಹಾಗೆ ಮೂಡುತ್ತಿದ್ದವು. ಅದನ್ನು ಮುಚ್ಚಲು ದಪ್ಪ ಮೇಕಪ್ಪು ಬಳಿಯದೆ ಗತಿಯಿರಲಿಲ್ಲ. 1920ರ ದಶಕದ ನಡುವಿನ ಹೊತ್ತಿಗೆ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮು ಬಳಕೆಗೆ ಬಂತು. ಡ್ರೇಯರ್ ಮತ್ತು ಅವರ ಛಾಯಾಗ್ರಾಹಕ ರುಡಾಲ್ಫ್ ಮಾಟೆ ಅದನ್ನು ಹಿಡಿದುಕೊಂಡು ಒಂದು ದಿಟ್ಟ ನಿರ್ಧಾರ ಮಾಡಿದರು: ಯಾರಿಗೂ ಮೇಕಪ್ಪಿಲ್ಲ. ನ್ಯಾಯಾಧೀಶರ ಕೆನ್ನೆಯ ನರೂಲಿ, ಹಣೆಯ ಬೆವರು, ಜೋನ್‌ಳ ಒಣಗಿ ಬಿರಿದ ತುಟಿ, ಎಲ್ಲವೂ ಇದ್ದದ್ದು ಇದ್ದಂತೆ ತೆರೆಯ ಮೇಲಿದೆ. ಸಿನಿಮಾದಲ್ಲಿ ಬೇಗ ಹಳತಾಗುವುದು ಮೇಕಪ್ಪು, ಕೇಶಶೈಲಿ, ಉಡುಗೆ, ಸೆಟ್ಟು. ಈ ಚಿತ್ರ ಅವನ್ನೆಲ್ಲ ಒಂದೊಂದಾಗಿ ಹೊರಗಿಟ್ಟಿದೆ.

ಸೆಟ್ಟಿನ ವಿಷಯ ಸ್ವಲ್ಪ ವಿಚಿತ್ರ. ಪ್ಯಾರಿಸ್ಸಿನ ಹೊರವಲಯದಲ್ಲಿ ಗೋಪುರ, ಕೋಟೆಗೋಡೆ, ಎತ್ತುಸೇತುವೆ ಸಮೇತ ಇಡೀ ಒಂದು ಮಧ್ಯಯುಗದ ಕೋಟೆಯನ್ನೇ ಕಟ್ಟಿಸಿದ್ದರು. ವಿನ್ಯಾಸ ಮಾಡಿದವರಲ್ಲಿ ಒಬ್ಬರು ಹರ್ಮನ್ ವಾರ್ಮ್, ಜರ್ಮನಿಯ ‘ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ’ ಚಿತ್ರದ ಸೊಟ್ಟಸೊಟ್ಟ ಬೀದಿಗಳನ್ನು ರೂಪಿಸಿದವರಲ್ಲೊಬ್ಬರು. ಇಷ್ಟೆಲ್ಲ ಕಟ್ಟಿಸಿ ಡ್ರೇಯರ್ ತೋರಿಸಿದ್ದೇನು? ಮುಖದ ಹಿಂದೊಂದು ಬಿಳಿ ಗೋಡೆ, ಒಂದು ಕಮಾನು, ಒಂದು ಕಿಟಕಿ. ಹಣ ಹಾಕಿದವರಿಗೆ ಹೊಟ್ಟೆ ಉರಿದಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಕೋಟೆಯನ್ನು ಅವರು ಮೆರೆಸಿದ್ದರೆ, ಇವತ್ತು ನಮ್ಮ ಕಣ್ಣು ಮೊದಲು ಹೋಗುತ್ತಿದ್ದದ್ದು ಅದರ ಪ್ಲಾಸ್ಟರಿನ ಮೇಲೆ.

ಕತೆಯನ್ನೂ ಅವರು ಹೀಗೆಯೇ ಸೋಸಿದ್ದಾರೆ. ಹಳ್ಳಿಯ ಹುಡುಗಿಗೆ ಕೇಳಿಸಿದ ದೇವವಾಣಿ, ಕುದುರೆ, ಯುದ್ಧ, ಓರ್ಲಿಯನ್ಸ್‌ನ ಗೆಲುವು, ರಾಜನ ಪಟ್ಟಾಭಿಷೇಕ ಯಾವುದೂ ಇಲ್ಲಿಲ್ಲ. ಇಂಗ್ಲಿಷರ ವಶದಲ್ಲಿದ್ದ ರುವಾಂ ಪಟ್ಟಣದಲ್ಲಿ ಚರ್ಚಿನ ನ್ಯಾಯಾಲಯ ಅವಳನ್ನು ತಿಂಗಳುಗಟ್ಟಲೆ ವಿಚಾರಿಸಿತು, 1431ರ ಮೇ ತಿಂಗಳಲ್ಲಿ ಅವಳನ್ನು ಸುಡಲಾಯಿತು. ಅವಳ ವಯಸ್ಸು ಹತ್ತೊಂಬತ್ತರ ಆಸುಪಾಸು. ಆ ವಿಚಾರಣೆಯ ದಾಖಲೆ ಉಳಿದಿದೆ. ಚಿತ್ರ ಶುರುವಾಗುವುದೇ ಆ ಕಡತದ ಹಾಳೆಗಳನ್ನು ಕೈಯೊಂದು ತಿರುವುವುದರಿಂದ. ಸಂಭಾಷಣೆಯ ಮೂಲವೂ ಅದೇ. ತಿಂಗಳುಗಳ ವಿಚಾರಣೆಯನ್ನು ಡ್ರೇಯರ್ ಒಂದೇ ದಿನವೆಂಬಂತೆ ಬಿಗಿದಿದ್ದಾರೆ. ಒಂದು ಕಡೆ ಓದು ಬರಹ ಬಾರದ ಹುಡುಗಿ, ಇನ್ನೊಂದು ಕಡೆ ದೇವತಾಶಾಸ್ತ್ರ ಅರೆದು ಕುಡಿದ ಗಂಡಸರು. ಅವರು ಕೇಳುತ್ತಾರೆ, ಅವಳು ಉತ್ತರಿಸುತ್ತಾಳೆ. ಬರೀ ಮಾತಿನ ಮೇಲೆ ನಿಂತ ಇಂಥ ಕತೆಯನ್ನು ಮಾತೇ ಕೇಳಿಸದ ಮಾಧ್ಯಮದಲ್ಲಿ ಹೇಳಲು ಹೊರಟರಲ್ಲ, ಅದು ಹೇಗೆ ಕೈಗೂಡಿತು ಎಂಬುದರಲ್ಲಿ ಈ ಚಿತ್ರದ ಆಯುಷ್ಯದ ಗುಟ್ಟಿದೆ.

ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. ಜೋನ್‌ಳ ಸೆರೆಕೋಣೆಯಲ್ಲಿ ನಡೆಯುವ ವಿಚಾರಣೆ. ‘ನೀನು ದೇವರ ಕೃಪೆಗೆ ಪಾತ್ರಳಾಗಿದ್ದೀಯಾ?’ ಎಂದು ಕೇಳುತ್ತಾರೆ. ಕೇಳಲು ಸಾದಾ ಪ್ರಶ್ನೆ, ಒಳಗೆ ಉರುಳು. ಹೌದು ಎಂದರೆ ಸೊಕ್ಕು, ಯಾಕೆಂದರೆ ಚರ್ಚಿನ ಬೋಧನೆಯ ಪ್ರಕಾರ ಅದನ್ನು ಯಾವ ಮನುಷ್ಯನೂ ಖಚಿತವಾಗಿ ಹೇಳಿಕೊಳ್ಳುವಂತಿಲ್ಲ. ಇಲ್ಲ ಎಂದರೆ ತಪ್ಪೊಪ್ಪಿಗೆ. ಅಲ್ಲಿದ್ದ ಯುವ ಪಾದ್ರಿ ಮಸಿಯು ಇದು ಅಪಾಯದ ಪ್ರಶ್ನೆ ಎಂದು ಅವಳನ್ನು ಎಚ್ಚರಿಸುತ್ತಾನೆ. ಅವನ ಮೇಲೆ ಹಿರಿಯರು ಹರಿಹಾಯುತ್ತಾರೆ. ಆಮೇಲೆ ಅವಳ ಮುಖ. ಅವಳ ಉತ್ತರ ಚರಿತ್ರೆಯಲ್ಲಿ ದಾಖಲಾದದ್ದೇ: ಇದ್ದರೆ ದೇವರು ನನ್ನನ್ನು ಹಾಗೆಯೇ ಇಟ್ಟಿರಲಿ, ಇಲ್ಲದಿದ್ದರೆ ದೇವರು ನನಗದನ್ನು ದಯಪಾಲಿಸಲಿ.

ಟಾಕಿಯಲ್ಲಿ ಇದೇ ದೃಶ್ಯ ಹೇಗಿರುತ್ತಿತ್ತು ಊಹಿಸಿಕೊಳ್ಳಿ. ಪ್ರಶ್ನೆ ಕೇಳಿಸಿದ ಕ್ಷಣದಲ್ಲೇ ಅದರ ಅರ್ಥ, ಕೇಳಿದವನ ದನಿಯ ಕುಹಕ, ಅವಳ ಪ್ರತಿಕ್ರಿಯೆ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತಿದ್ದವು. ಹಿನ್ನೆಲೆ ಸಂಗೀತ ಬಂದು ‘ಇದು ಗಂಭೀರ’ ಎಂದು ಸಾರುತ್ತಿತ್ತು. ಇಲ್ಲಿ ಆಗುವುದೇ ಬೇರೆ. ಮೊದಲು ಒಂದು ಬಾಯಿ ಅಲ್ಲಾಡುತ್ತದೆ. ಏನೆಂದಿತೋ ನಮಗೆ ತಿಳಿಯದು. ಆಮೇಲೆ ಅಕ್ಷರದ ಫಲಕ. ಅದನ್ನು ನಾವು ನಮ್ಮದೇ ದನಿಯಲ್ಲಿ, ಮನಸ್ಸಿನೊಳಗೆ ಓದಿಕೊಳ್ಳುತ್ತೇವೆ. ಅಂದರೆ ಪ್ರಶ್ನೆ ಕೇಳಿದವರು ಅರೆಕ್ಷಣ ನಾವೇ ಆಗಿರುತ್ತೇವೆ. ಆಮೇಲೆ ಆ ಪ್ರಶ್ನೆ ಹೋಗಿ ತಾಗಿದ ಮುಖ. ಕೆಲವು ಕಡೆ ಕ್ರಮ ತಲೆಕೆಳಗಾಗುತ್ತದೆ: ಅವಳ ಕಣ್ಣು ಮೊದಲು ಹಿಗ್ಗುತ್ತದೆ, ಯಾಕೆಂದು ನಮಗೆ ತಿಳಿಯುವುದು ತಡವಾಗಿ. ಬಾಯಿ, ಅರ್ಥ, ಮುಖ ಈ ಮೂರರ ನಡುವೆ ಬಿಟ್ಟ ಸಣ್ಣ ಸಣ್ಣ ತೆರಪಿನಲ್ಲಿ ನಾವು ಸುಮ್ಮನೆ ಕೂರಲಾರೆವು. ಓದುತ್ತಿರುತ್ತೇವೆ, ಊಹಿಸುತ್ತಿರುತ್ತೇವೆ, ಅವಳು ಏನು ಹೇಳಿಬಿಡುತ್ತಾಳೋ ಎಂದು ಹೆದರುತ್ತಿರುತ್ತೇವೆ. ಈ ಕೆಲಸವನ್ನು ಪ್ರೇಕ್ಷಕನ ಕೈಗೆ ಕೊಡುವುದು ಮಾತಿನ ಸಿನಿಮಾಕ್ಕೆ ಬಹಳ ಕಷ್ಟ. ಅದಕ್ಕೇ ಹೇಳಿದ್ದು, ಇದರ ಬಲ ಮೌನದಲ್ಲಿದೆ ಅಂತ.

ಆ ಮುಖ ರೆನೆ ಫಾಲ್ಕನೆಟ್ಟಿ ಅವರದು. ಪ್ಯಾರಿಸ್ಸಿನ ರಂಗಭೂಮಿಯಲ್ಲಿ ಹೆಸರು ಮಾಡಿದ್ದ ನಟಿ. ಚಿತ್ರೀಕರಣದ ಹೊತ್ತಿಗೆ ಮೂವತ್ತೈದರ ಆಸುಪಾಸು. ಇದಾದ ಮೇಲೆ ಅವರು ಮತ್ತೆ ಸಿನಿಮಾದತ್ತ ಬರಲಿಲ್ಲ, ನಾಟಕಕ್ಕೆ ಮರಳಿದರು. 1946ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡರು. ಅವರ ಅಭಿನಯವನ್ನು ‘ಅದ್ಭುತ’ ಎಂದು ಬಿಡುವುದು ಸುಲಭ. ಏನು ಮಾಡುತ್ತಿದ್ದಾರೆ ಎಂದು ನೋಡುವುದು ಇನ್ನೂ ಚೆನ್ನ. ವಯಸ್ಸು ಎಷ್ಟು ಎಂದು ಕೇಳಿದಾಗ ಅವರು ಬೆರಳು ಮಡಿಚಿ ಎಣಿಸುತ್ತಾರೆ. ಪರಲೋಕದ ಪ್ರಾರ್ಥನೆಯನ್ನು ಯಾರು ಕಲಿಸಿದರು ಎಂದು ಕೇಳಿದಾಗ ‘ಅಮ್ಮ’ ಎನ್ನುತ್ತಾರೆ, ಕಣ್ಣೀರು ಕೆನ್ನೆಗುಂಟ ಇಳಿಯುತ್ತದೆ. ಸಂತ ಮೈಕೆಲ್ ನಿನಗೆ ಕಾಣಿಸಿದಾಗ ತಲೆಯಲ್ಲಿ ಕೂದಲಿತ್ತೇ ಎಂದರೆ, ‘ಯಾಕೆ ಕತ್ತರಿಸಿಕೊಂಡಿರಬೇಕು?’ ಎನ್ನುತ್ತಾರೆ. ಆಗ ಆ ಮುಖದಲ್ಲಿ ಜಾಣತನದ ಸುಳಿವೂ ಇಲ್ಲ, ಪ್ರಶ್ನೆ ಇಷ್ಟು ವಿಚಿತ್ರವಾಗಿದೆಯಲ್ಲ ಎಂಬ ನಿಜವಾದ ಬೆರಗಿದೆ. ಮೂಕಿ ಚಿತ್ರದ ನಟನೆ ಎಂದರೆ ದೊಡ್ಡ ದೊಡ್ಡ ಕೈಸನ್ನೆ ಎಂದು ತಿಳಿದವರು ಈ ಮೂರು ಉತ್ತರಗಳನ್ನು ಮತ್ತೊಮ್ಮೆ ನೋಡಬೇಕು.

ಹಳೆಯ ಚಿತ್ರ ನಿಧಾನ ಎಂಬ ಆಪಾದನೆಗೂ ಇಲ್ಲಿ ಉತ್ತರವಿದೆ. ಈ ಚಿತ್ರದಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಕಟ್‌ಗಳಿವೆ. ಲೆಕ್ಕ ಹಾಕಿದರೆ ಸರಾಸರಿ ಒಂದು ಶಾಟು ನಾಲ್ಕು ಸೆಕೆಂಡೂ ನಿಲ್ಲುವುದಿಲ್ಲ. ಇವತ್ತಿನ ಸಾಹಸ ಚಿತ್ರಗಳಿಗೆ ಹತ್ತಿರದ ವೇಗ. ಇದಕ್ಕಿಂತ ಮುಖ್ಯವಾದದ್ದು ಆ ಶಾಟುಗಳು ಒಂದಕ್ಕೊಂದು ಕೂಡುವ ರೀತಿ. ಸಾಮಾನ್ಯವಾಗಿ ಸಿನಿಮಾ ಒಂದು ಕೋಣೆಯನ್ನು ಮೊದಲು ಪೂರ್ತಿ ತೋರಿಸಿ, ಯಾರು ಎಲ್ಲಿ ಕೂತಿದ್ದಾರೆ ಎಂದು ತಿಳಿಸಿ, ಆಮೇಲೆ ಹತ್ತಿರ ಹೋಗುತ್ತದೆ. ಡ್ರೇಯರ್ ಆ ಸೌಕರ್ಯವನ್ನು ಬಹುಮಟ್ಟಿಗೆ ಕೊಡುವುದಿಲ್ಲ. ವಿಚಾರಣೆ ನಡೆಸುವ ಬಿಷಪ್ ಕೋಶೋಂ ಜೋನ್‌ಳಿಂದ ಎಷ್ಟು ದೂರದಲ್ಲಿದ್ದಾನೆ? ಆ ದಪ್ಪ ಪಾದ್ರಿ ಅವಳ ಎಡಕ್ಕೋ ಬಲಕ್ಕೋ? ಹೇಳಲಾಗುವುದಿಲ್ಲ. ಮುಖಗಳು ಎಲ್ಲಿಂದಲೋ ಬಂದು ಎರಗುತ್ತವೆ. ನೆಲದಲ್ಲಿ ಗುಂಡಿ ತೋಡಿ ಕ್ಯಾಮೆರಾ ಇಟ್ಟು ತೆಗೆದ ಶಾಟುಗಳಲ್ಲಿ ನ್ಯಾಯಾಧೀಶರು ನಮ್ಮ ಮೇಲೇ ಬಗ್ಗಿದಂತಿರುತ್ತಾರೆ. ಮೊದಲ ಸಲ ನೋಡುವವರಿಗೆ ತಲೆ ಸುತ್ತುವುದು ಸಹಜ. ಸುತ್ತುವರಿದು ಪ್ರಶ್ನಿಸಿದಾಗ ಕಟಕಟೆಯಲ್ಲಿ ನಿಂತವರಿಗೆ ಕೋಣೆಯ ನಕ್ಷೆ ಎಲ್ಲಿ ನೆನಪಿರುತ್ತದೆ? 1928ರ ಪ್ರೇಕ್ಷಕರಿಗಿಂತ ಇವತ್ತಿನವರಿಗೇ ಇದು ಬೇಗ ಒಗ್ಗೀತು, ಯಾಕೆಂದರೆ ತುಂಡು ತುಂಡಾಗಿ ನೋಡಿ ಜೋಡಿಸಿಕೊಳ್ಳುವುದು ನಮ್ಮ ಕಣ್ಣಿಗೆ ರೂಢಿಯಾಗಿದೆ.

ಇನ್ನೊಂದು ಚಿಕ್ಕ ವಸ್ತುವಿನ ಜಾಡು ಹಿಡಿದು ಹೋಗುವುದು ನನಗಿಷ್ಟ: ಹುಲ್ಲಿನ ಕಿರೀಟ. ಸೆರೆಕೋಣೆಯಲ್ಲಿ ಜೋನ್ ಒಣಹುಲ್ಲಿನಿಂದ ಒಂದು ಕಿರೀಟ ಹೆಣೆಯುತ್ತಾಳೆ. ಕಾವಲಿನ ಸೈನಿಕರು ಅದನ್ನೇ ಅವಳ ತಲೆಗೆ ತೊಡಿಸಿ, ಕೈಗೊಂದು ಬಾಣ ಕೊಟ್ಟು ಗೇಲಿ ಮಾಡುತ್ತಾರೆ. ಏಸುವಿಗೆ ಮುಳ್ಳಿನ ಕಿರೀಟ ತೊಡಿಸಿದ್ದು ನೆನಪಾಗಲೇಬೇಕು, ಆದರೆ ಡ್ರೇಯರ್ ಅಲ್ಲಿಗೇ ನಿಲ್ಲುವುದಿಲ್ಲ. ಮುಂದೆ ಸುಡುವ ಭಯಕ್ಕೆ ಅವಳು ತಪ್ಪೊಪ್ಪಿಗೆಗೆ ಸಹಿ ಹಾಕುತ್ತಾಳೆ. ಜೀವ ಉಳಿಯುತ್ತದೆ, ಶಿಕ್ಷೆ ಜೀವಾವಧಿ ಸೆರೆಯಾಗುತ್ತದೆ. ತಲೆ ಬೋಳಿಸಲು ಒಬ್ಬ ಬರುತ್ತಾನೆ. ಕೂದಲು ನೆಲಕ್ಕೆ ಬೀಳುತ್ತದೆ, ಅವನು ಗುಡಿಸುತ್ತಾನೆ. ಕೂದಲಿನ ಜೊತೆ ಆ ಹುಲ್ಲಿನ ಕಿರೀಟವೂ ಕಸವಾಗಿ ಹೋಗುತ್ತಿರುವುದನ್ನು ಅವಳು ನೋಡುತ್ತಾಳೆ. ನೋಡಿದ ಕೂಡಲೇ ಎಚ್ಚೆತ್ತವಳಂತೆ, ನ್ಯಾಯಾಧೀಶರನ್ನು ಕರೆಯಿರಿ, ನಾನು ಸುಳ್ಳು ಹೇಳಿದೆ ಎನ್ನುತ್ತಾಳೆ. ಸಾವನ್ನು ಮತ್ತೆ ಕೈಯಾರೆ ಬರಮಾಡಿಕೊಳ್ಳುವ ಆ ತಿರುವಿಗೆ ಭಾಷಣವಿಲ್ಲ, ದೇವವಾಣಿಯಿಲ್ಲ. ಒಂದು ಪೊರಕೆ, ಒಂದಷ್ಟು ಹುಲ್ಲು. ಮನುಷ್ಯ ನಿರ್ಧಾರ ಮಾಡುವ ಕ್ಷಣವನ್ನು ಇಷ್ಟು ಕಡಿಮೆ ಸಾಮಗ್ರಿಯಲ್ಲಿ ತೋರಿಸಿದ ದೃಶ್ಯ ಆಮೇಲಿನ ಸಿನಿಮಾದಲ್ಲೂ ನನಗೆ ಹೆಚ್ಚು ಸಿಕ್ಕಿಲ್ಲ.

ಕೊನೆಯಲ್ಲಿ ಕಂಬಕ್ಕೆ ಕಟ್ಟುವಾಗ ಹಗ್ಗ ಜಾರಿ ಬೀಳುತ್ತದೆ. ಅವಳೇ ಬಗ್ಗಿ ಎತ್ತಿ, ಕಟ್ಟುವವನ ಕೈಗೆ ಕೊಡುತ್ತಾಳೆ. ಅದರ ಬಗ್ಗೆ ನಾನೇನೂ ಹೇಳಬೇಕಾಗಿಲ್ಲ.

ಈಗ, ನಾವು ‘ಈ ಚಿತ್ರ’ ಎನ್ನುತ್ತಿದ್ದೇವಲ್ಲ, ಅದು ನಮ್ಮ ಕೈಗೆ ಬಂದ ಕತೆಯನ್ನು ಹೇಳಲೇಬೇಕು. ಹಳೆಯ ಚಿತ್ರ ನಿಲ್ಲುತ್ತದೋ ಇಲ್ಲವೋ ಎಂದು ತೀರ್ಪು ಕೊಡುವವರು ಎಷ್ಟೋ ಸಲ ಆ ಚಿತ್ರವನ್ನೇ ನೋಡಿರುವುದಿಲ್ಲ, ಅದರ ಪಳೆಯುಳಿಕೆಯನ್ನು ನೋಡಿರುತ್ತಾರೆ. ಫ್ರಾನ್ಸಿನಲ್ಲಿ ಬಿಡುಗಡೆಯ ಹೊತ್ತಿಗೆ ಪ್ಯಾರಿಸ್ಸಿನ ಆರ್ಚ್‌ಬಿಷಪ್ಪರ ಮತ್ತು ಸೆನ್ಸಾರಿನ ಒತ್ತಾಯಕ್ಕೆ ಡ್ರೇಯರ್ ಒಪ್ಪಿಗೆಯಿಲ್ಲದೆಯೇ ಕತ್ತರಿ ಬಿತ್ತು. ಇಂಗ್ಲಿಷ್ ಸೈನಿಕರನ್ನು ಕ್ರೂರಿಗಳಾಗಿ ತೋರಿಸಿದ್ದಕ್ಕೆ ಬ್ರಿಟನ್ ಚಿತ್ರವನ್ನು ನಿಷೇಧಿಸಿತು. ಆ ಸೈನಿಕರ ಉಕ್ಕಿನ ಟೋಪಿ ನೋಡಿ, ಮೊದಲ ಮಹಾಯುದ್ಧದ ಬ್ರಿಟಿಷ್ ಸಿಪಾಯಿಗಳ ಟೋಪಿಯನ್ನೇ ಹೋಲುತ್ತದೆ. ಯುದ್ಧ ಮುಗಿದು ಆಗಿನ್ನೂ ಹತ್ತು ವರ್ಷ. 1928ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಊಫಾ ಚಿತ್ರಸಂಸ್ಥೆಯಲ್ಲಿ ಬೆಂಕಿ ಬಿದ್ದು ಮೂಲ ನೆಗೆಟಿವ್ ಸುಟ್ಟುಹೋಯಿತು. ಡ್ರೇಯರ್ ಎದೆಗೆಡಲಿಲ್ಲ, ಚಿತ್ರೀಕರಣದಲ್ಲಿ ಬಳಸದೆ ಬಿಟ್ಟಿದ್ದ ಟೇಕುಗಳನ್ನು ಹುಡುಕಿ ಶಾಟಿಗೆ ಶಾಟು ಜೋಡಿಸಿ ಎರಡನೆಯ ಆವೃತ್ತಿ ಸಿದ್ಧಮಾಡಿದರು. 1929ರಲ್ಲಿ ಅದರ ನೆಗೆಟಿವ್ವೂ ಬೆಂಕಿಗೆ ಆಹುತಿಯಾಯಿತೆಂದೇ ನಂಬಲಾಯಿತು. ಆಗಿನ ನೈಟ್ರೇಟ್ ಫಿಲ್ಮು ಕಿಡಿ ತಾಗಿದರೆ ಭುಗಿಲೇಳುವಂಥದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1912ರಿಂದ 1929ರವರೆಗೆ ಆ ದೇಶದಲ್ಲಿ ತಯಾರಾದ ಪೂರ್ಣಪ್ರಮಾಣದ ಮೂಕಿ ಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿಯಾಗಿ ಉಳಿದವು ಶೇಕಡಾ 14ರಷ್ಟು ಮಾತ್ರ.

1951ರಲ್ಲಿ ಲೋ ಡೂಕಾ ಎಂಬ ಚಲನಚಿತ್ರ ಇತಿಹಾಸಕಾರರು ಎರಡನೆಯ ಆವೃತ್ತಿಯ ಒಂದು ನೆಗೆಟಿವ್ ಪತ್ತೆಮಾಡಿ ಹೊರತಂದರು. ಪತ್ತೆಮಾಡಿದ್ದು ದೊಡ್ಡ ಉಪಕಾರ. ಆದರೆ ಅವರು ಅಕ್ಷರದ ಫಲಕಗಳನ್ನು ಬದಲಾಯಿಸಿದರು, ಚರ್ಚಿನ ಬಣ್ಣದ ಗಾಜಿನ ಚಿತ್ರಗಳನ್ನು ತುರುಕಿದರು, ಬಾಕ್, ಅಲ್ಬಿನೋನಿ ಮೊದಲಾದವರ ಸಂಗೀತವನ್ನು ಉದ್ದಕ್ಕೂ ಹರಿಸಿದರು. ಡ್ರೇಯರ್‌ಗೆ ಅದು ಹಿಡಿಸಲಿಲ್ಲ. ಆದರೂ ವರ್ಷಗಟ್ಟಲೆ ಜನ ‘ಜೋನ್’ ಎಂದು ನೋಡಿದ್ದು ಹೆಚ್ಚಾಗಿ ಇದನ್ನೇ. 1968ರಲ್ಲಿ ತೀರಿಕೊಂಡ ಡ್ರೇಯರ್ ತಮ್ಮ ಚಿತ್ರ ಹೋಗೇಬಿಟ್ಟಿತು ಎಂದುಕೊಂಡೇ ಹೋದರು. ಆಮೇಲೆ 1981ರಲ್ಲಿ, ಓಸ್ಲೋ ಬಳಿಯ ಡಿಕೆಮಾರ್ಕ್ ಮಾನಸಿಕ ಆಸ್ಪತ್ರೆಯ ಕಸಪೊರಕೆ ಇಡುವಂಥ ಕೋಣೆಯೊಂದರಲ್ಲಿ ಕೆಲವು ಫಿಲ್ಮ್ ಡಬ್ಬಿಗಳು ಸಿಕ್ಕವು. ನಾರ್ವೆಯ ಚಲನಚಿತ್ರ ಸಂಸ್ಥೆಗೆ ಕಳಿಸಿದರು. ತೆರೆದು ನೋಡಿದರೆ ಡ್ಯಾನಿಷ್ ಫಲಕಗಳಿರುವ, ಕತ್ತರಿ ಬೀಳುವ ಮುಂಚಿನ ಮೂಲ ಆವೃತ್ತಿ. ನಾವಿವತ್ತು ನೋಡಿದ್ದು ಅದರಿಂದ ಹುಟ್ಟಿದ ಪ್ರತಿ. ನನಗನ್ನಿಸುವುದು ಇದು: 1935ರ ಅಥವಾ 1960ರ ಪ್ರೇಕ್ಷಕರಿಗಿಂತ ನಾವು ಈ ಚಿತ್ರಕ್ಕೆ ಹತ್ತಿರದಲ್ಲಿದ್ದೇವೆ. ಕಾಲ ಕಳೆದಂತೆ ಇದು ನಮ್ಮ ಕಡೆಗೇ ಬಂದಿದೆ.

ಇನ್ನು ನಿಲ್ಲದ ಜಾಗಗಳು. ಮೊದಲನೆಯದು ನನಗೆ ತುಂಬ ತೊಡಕಿನದು. ಮೇಕಪ್ಪಿಲ್ಲದ ಮುಖಗಳನ್ನು ಹೊಗಳಿದೆ. ಆದರೆ ಆ ಮುಖಗಳನ್ನು ಆರಿಸಿದ ಬಗೆ ನೋಡಿ. ಕೆಟ್ಟವರೆಲ್ಲ ಬೊಜ್ಜಿನವರು, ನರೂಲಿಯವರು, ಬಿಲ್ಲೆಗಣ್ಣಿನವರು, ಕಿವಿಯಲ್ಲಿ ಕೂದಲು ಬೆಳೆದ ಮುದುಕರು. ಕರುಣೆಯಿರುವ ಮಸಿಯು ಮಾತ್ರ ಚೆಲುವ ತರುಣ. ಆ ಪಾತ್ರ ಮಾಡಿದ್ದು ಮುಂದೆ ರಂಗಭೂಮಿಯ ಚಿಂತನೆಯನ್ನೇ ಅಲ್ಲಾಡಿಸಿದ ಅಂತೊನಾಂ ಆರ್ತೊ, ಮತ್ತು ಎಷ್ಟು ಸಂಯಮದಿಂದ ಮಾಡಿದ್ದಾರೆ! ಆದರೂ ಮುಖದ ಅಂದದಿಂದಲೇ ಗುಣ ಅಳೆಯುವುದನ್ನು ನಾವಿವತ್ತು ಒಪ್ಪಲಾರೆವು, ಒಪ್ಪಬಾರದು. ಚರಿತ್ರೆಯಲ್ಲೂ ಆ ಜನ ಕಾರ್ಟೂನುಗಳಾಗಿರಲಿಲ್ಲ. ಕಾನೂನು ಓದಿದವರು, ತಾವು ಮಾಡುತ್ತಿರುವುದು ಸರಿಯೆಂದು ನಂಬಿದವರೂ ಅವರಲ್ಲಿದ್ದರು, ಭಯಂಕರ ಇರುವುದು ಅಲ್ಲಿಯೇ. ಡ್ರೇಯರ್‌ಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಕೋಶೋಂ ಆಗಿ ನಟಿಸಿದ ಯುಜೀನ್ ಸಿಲ್ವಾಂ ಅವರ ಮುಖ ಕೊನೆಕೊನೆಗೆ ಮೆತ್ತಗಾಗುತ್ತದೆ, ಅವಳು ಸಾವನ್ನು ಆರಿಸಿಕೊಂಡಾಗ ಕೆಲವು ನ್ಯಾಯಾಧೀಶರ ಕಣ್ಣು ಒದ್ದೆಯಾಗುತ್ತದೆ. ಆ ಎಳೆ ಮೊದಲಿನಿಂದಲೇ ಇರಬೇಕಿತ್ತು.

ಎರಡನೆಯದು ಚಿತ್ರೀಕರಣದ ರೀತಿ. ತಲೆ ಬೋಳಿಸುವ ದೃಶ್ಯದಲ್ಲಿ ಫಾಲ್ಕನೆಟ್ಟಿಯವರ ಕೂದಲನ್ನು ನಿಜವಾಗಿಯೇ ಕತ್ತರಿಸಲಾಯಿತು. ಚಿಕಿತ್ಸೆಗೆಂದು ಜೋನ್‌ಳ ರಕ್ತ ತೆಗೆಯುವ ದೃಶ್ಯದಲ್ಲಿ ಚಿಮ್ಮುವುದು ನಿಜವಾದ ರಕ್ತ, ಬೇರೊಬ್ಬರ ತೋಳಿನದು. ಇವತ್ತಿನ ಪ್ರೇಕ್ಷಕರು ಇದನ್ನು ತಿಳಿದು ನೋಡುತ್ತಾರೆ, ತಿಳಿದ ಮೇಲೆ ಮೊದಲಿನ ಹಾಗೆ ನೋಡಲಾಗುವುದಿಲ್ಲ. ಗಂಡಸರೆಲ್ಲ ಸುತ್ತುಗಟ್ಟಿ ಒಬ್ಬ ಹೆಣ್ಣಿನಿಂದ ಕಣ್ಣೀರು ಹಿಂಡುವ ಕತೆಯನ್ನು ತೆಗೆಯುವಾಗ ಕ್ಯಾಮೆರಾದ ಹಿಂದೆಯೂ ಅಂಥದೇ ಒಂದು ಏರ್ಪಾಡು ಇತ್ತೇ ಎಂಬ ಪ್ರಶ್ನೆ ಏಳುತ್ತದೆ. ಏಳಬೇಕು. ಆ ಪ್ರಶ್ನೆಯಿಂದ ಫಾಲ್ಕನೆಟ್ಟಿ ಸಣ್ಣವರಾಗುವುದಿಲ್ಲ. ಆ ಮುಖದಲ್ಲಿ ಕಾಣುವುದು ಬರೀ ನೋವಾಗಿದ್ದರೆ ನಮಗೆ ಮರುಕ ಹುಟ್ಟಿ ಮುಗಿದುಹೋಗುತ್ತಿತ್ತು. ಅಲ್ಲಿ ಯೋಚನೆಯಿದೆ, ಲೆಕ್ಕಾಚಾರವಿದೆ, ಹಠವಿದೆ, ಅವು ಹಿಂಸೆಯಿಂದ ಹೊರಡುವಂಥವಲ್ಲ. ಅವು ಒಬ್ಬ ನಟಿಯ ಕೆಲಸ.

ಕೊನೆಯ ದಂಗೆಯ ದೃಶ್ಯವೂ ನನಗೆ ಸ್ವಲ್ಪ ಹೊರಗಿನದಾಗಿ ಕಾಣುತ್ತದೆ. ಕ್ಯಾಮೆರಾ ತಲೆಕೆಳಗಾಗುತ್ತದೆ, ಗದೆಗಳು ಬೀಸುತ್ತವೆ, ಜನ ಓಡುತ್ತಾರೆ. ಆ ಕಾಲದ ರಷ್ಯನ್ ಚಿತ್ರಗಳ ಗಾಳಿ ಇಲ್ಲಿ ಬೀಸಿದೆ. ಚೆನ್ನಾಗಿಯೇ ತೆಗೆದಿದ್ದಾರೆ, ಆದರೆ ಬೆಂಕಿಯ ಹೊಗೆಯ ನಡುವೆ ಆ ಮುಖವನ್ನು ನೋಡಿದ ಮೇಲೆ ಗದ್ದಲ ಬೇಕಿರಲಿಲ್ಲ ಅನ್ನಿಸುತ್ತದೆ. ಅಲ್ಲೇ ನಡುವೆ ತಾಯಿಯ ಹಾಲು ಕುಡಿಯುತ್ತಿರುವ ಕೂಸೊಂದನ್ನು ತೋರಿಸುತ್ತಾರಲ್ಲ, ಅದನ್ನು ಮಾತ್ರ ಯಾರೂ ತೆಗೆದುಹಾಕಬಾರದು.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಒಬ್ಬ ಯುವತಿ ಕೇಳಿದರು: ‘ಸರ್, ಇದನ್ನು ನಾನು ಮೊದಲು ಮೊಬೈಲಿನಲ್ಲಿ ನೋಡೋಕೆ ಹೋಗಿ ಇಪ್ಪತ್ತೇ ನಿಮಿಷಕ್ಕೆ ಬಿಟ್ಟಿದ್ದೆ. ಇವತ್ತು ಕಣ್ಣು ಕೀಳೋಕಾಗಲಿಲ್ಲ. ಹಾಗಾದರೆ ದೊಡ್ಡ ಪರದೆ ಇಲ್ಲದಿದ್ದರೆ ಈ ಚಿತ್ರ ನಿಲ್ಲೋದಿಲ್ಲ ಅಂತಾಯಿತಲ್ಲ?’

ಬಹಳ ನ್ಯಾಯವಾದ ಪ್ರಶ್ನೆ, ಅಮ್ಮ. ಪರದೆ ದೊಡ್ಡದಾದಷ್ಟೂ ಒಳ್ಳೆಯದು, ಮುಖವೇ ಭೂದೃಶ್ಯವಾದ ಚಿತ್ರದಲ್ಲಿ ಆ ಮುಖ ನಮಗಿಂತ ದೊಡ್ಡದಾಗಿರಬೇಕು. ಆದರೆ ಅಡ್ಡ ಬಂದದ್ದು ಪರದೆಯ ಅಳತೆಗಿಂತ ಬೇರೆ ಇರಬೇಕು ಎಂದು ನನ್ನ ಅನುಮಾನ. ಮಾತಿನ ಚಿತ್ರವನ್ನು ನೋಡುತ್ತ ನಾವು ಒಂದು ಕ್ಷಣ ಬೇರೆಡೆ ನೋಡಿದರೂ ಕಿವಿ ಕತೆಯನ್ನು ಹಿಡಿದಿರುತ್ತದೆ. ಇಲ್ಲಿ ಕಣ್ಣು ಕಿತ್ತರೆ ಎಲ್ಲವೂ ಹೋಯಿತು. ಒಂದು ಸಂದೇಶ ಓದಿ ಹಿಂತಿರುಗುವಷ್ಟರಲ್ಲಿ ಎರಡು ಪ್ರಶ್ನೆ ಮುಗಿದು ಅವಳ ಮುಖ ಬದಲಾಗಿರುತ್ತದೆ, ಯಾಕೆಂದು ನಮಗೆ ತಿಳಿದಿರುವುದಿಲ್ಲ. ಹಾಗಾಗಿ ಮನೆಯಲ್ಲಿ ನೋಡುವವರಿಗೆ ನಾನು ಹೇಳುವುದು: ಕತ್ತಲು ಮಾಡಿ, ಫೋನು ಬೇರೆ ಕೋಣೆಯಲ್ಲಿಡಿ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡಾದರೂ ಹತ್ತಿರದಿಂದ ನೋಡಿ. ನಡುವೆ ನಿಲ್ಲಿಸಬೇಡಿ. ಇಷ್ಟು ಮಾಡಿಯೂ ಹಿಡಿಸದಿದ್ದರೆ ಆ ಅಭಿಪ್ರಾಯಕ್ಕೆ ಬೆಲೆಯಿದೆ, ನಾನು ಒಪ್ಪುತ್ತೇನೆ.

ಇನ್ನೊಬ್ಬ ಹಿರಿಯರು ಸಂಗೀತದ ಬಗ್ಗೆ ಕೇಳಿದರು: ‘ಇವತ್ತು ಪೂರ್ತಿ ನಿಶ್ಶಬ್ದವಾಗಿ ತೋರಿಸಿದಿರಿ. ಆ ಕಾಲದಲ್ಲಿ ಮೂಕಿಗೂ ಸಂಗೀತ ಇರ್ತಿತ್ತಲ್ಲ, ಇದು ಸರಿಯೇ?’

ಇರುತ್ತಿತ್ತು. ಚಿತ್ರಮಂದಿರದಲ್ಲಿ ಪಿಯಾನೊ ಅಥವಾ ವಾದ್ಯವೃಂದ ಇಲ್ಲದೆ ಮೂಕಿ ಓಡುತ್ತಿದ್ದದ್ದು ಅಪರೂಪ, ಈ ಚಿತ್ರಕ್ಕೂ ಬಿಡುಗಡೆಯಲ್ಲಿ ಸಂಗೀತವಿತ್ತು. ಆದರೆ ಇದೇ ಇರಲಿ ಎಂದು ಡ್ರೇಯರ್ ಯಾವ ಸಂಗೀತವನ್ನೂ ಗೊತ್ತುಮಾಡಿ ಹೋಗಲಿಲ್ಲ. ಆಮೇಲೆ ಬಂದವುಗಳಲ್ಲಿ ಹೆಚ್ಚು ಹೆಸರಾದದ್ದು 1994ರಲ್ಲಿ ರಿಚರ್ಡ್ ಐನ್‌ಹಾರ್ನ್ ರಚಿಸಿದ ‘ವಾಯ್ಸಸ್ ಆಫ್ ಲೈಟ್’. ಮಧ್ಯಯುಗದ ಅನುಭಾವಿ ಹೆಂಗಸರ ಬರಹಗಳನ್ನು ಗಾಯನವೃಂದಕ್ಕೆ ಅಳವಡಿಸಿದ್ದಾರೆ, ಜೋನ್ ಹುಟ್ಟೂರು ಡೋಂರೆಮಿಯ ಚರ್ಚಿನ ಗಂಟೆಯ ನಾದವೂ ಅದರಲ್ಲಿದೆ. ಸಂಗೀತವಾಗಿ ನನಗದು ತುಂಬ ಇಷ್ಟ. ಚಿತ್ರದ ಜೊತೆ ಕೇಳಿದಾಗ ಮಾತ್ರ ಒಂದು ತೊಂದರೆ ಇದೆ: ಅವಳು ಉತ್ತರಿಸುವ ಮುಂಚೆಯೇ ಗಾಯನ ಅವಳನ್ನು ಸಂತಳನ್ನಾಗಿ ಮಾಡಿಬಿಡುತ್ತದೆ. ಚರ್ಚು ಅವಳನ್ನು ಸಂತಳೆಂದು ಘೋಷಿಸಿದ್ದು 1920ರಲ್ಲಿ. ಆ ಕೋಣೆಯಲ್ಲಿ ಕೂತ ಹುಡುಗಿಗೆ ಅದು ಗೊತ್ತಿಲ್ಲ, ಹೆದರಿದ್ದಾಳೆ, ಮುಂದಿನ ಪ್ರಶ್ನೆ ಏನೆಂದು ಕಾಯುತ್ತಿದ್ದಾಳೆ. ಮೊದಲ ಸಲ ನೋಡುವವರು ಅವಳ ಜೊತೆ ಹಾಗೆಯೇ ಕಾಯಲಿ ಎಂದು ಸಂಗೀತವಿಲ್ಲದ ಪ್ರತಿಯನ್ನು ಆರಿಸಿದೆ. ಎರಡನೆಯ ಸಲ ಐನ್‌ಹಾರ್ನ್ ಅವರದನ್ನು ಹಾಕಿಕೊಂಡು ನೋಡಿ.